‘ಹೋಗಿ ಬನ್ನಿ’ ಎಂಬ ಮಾತಿನಲ್ಲಿ ‘ಬನ್ನಿ’ ಭಾಗದ ನಿಯಂತ್ರಣ ಕುರಿತು

ಆಗಮನ, ನಿರ್ಗಮನ ಹಾಗೂ ಸೌಜನ್ಯ ಇಲಾಖೆ
ಗಡಿ ತಪಾಸಣಾ ಠಾಣೆ, ಮೊದಲ ಮಹಡಿ
(ಗುರುತಿನ ಚೀಟಿ ತೋರಿಸಿ ಮೆಟ್ಟಿಲು ಹತ್ತುವುದು. ಸುಸ್ತಾದವರು ನಡುವೆ ಕುಳಿತು, ಪುನಃ ಚೀಟಿ ತೋರಿಸಿ ಹತ್ತುವುದು.)

ಸಂಖ್ಯೆ: ಆನಿಸೌ/ಗೌರವ/ಸಂಶಯ/೧೭
ದಿನಾಂಕ: ಸಹಿ ಒಣಗಿದ ದಿನ

ಸುತ್ತೋಲೆ

ವಿಷಯ: ಪ್ರಯಾಣಿಕರನ್ನು ಕಳುಹಿಸಿಕೊಡುವಾಗ ಸಿಬ್ಬಂದಿಯು ‘ಹೋಗಿ ಬನ್ನಿ’ ಎನ್ನುತ್ತಿರುವುದರಿಂದ ಅವರು ನಿಜವಾಗಿಯೂ ಬರುತ್ತಿರುವ ಬಗ್ಗೆ.

ಉಲ್ಲೇಖ:
೧. ‘ಎಲ್ಲರನ್ನೂ ಮನೆಯವರಂತೆ ಕಾಣಿರಿ’ ಎಂಬ ಆದೇಶ.
೨. ‘ಯಾರನ್ನೂ ನಂಬಬೇಡಿರಿ’ ಎಂಬ ಆದೇಶ. (ಮೇಲಿನದು ಹೊರಟ ದಿನವೇ, ಅದೇ ಮೇಜಿನಿಂದ.)
೩. ಕಾರಣ ಕೇಳಿ ಕೊಟ್ಟ ನೋಟಿಸಿಗೆ ಮೂರನೇ ಕೌಂಟರಿನ ಪರಿವೀಕ್ಷಕರು ಸಲ್ಲಿಸಿದ ವಿವರಣೆ.
೪. ಈ ಕಚೇರಿಯು ಈ ಕಚೇರಿಗೆ ಬರೆದ ಆಕ್ಷೇಪಣಾ ಪತ್ರ, ಮತ್ತು ಈ ಕಚೇರಿಯು ಇನ್ನೂ ಕೊಡದಿರುವ ಉತ್ತರ.

ಪ್ರಸ್ತಾವನೆ:

ಖರ್ಚು ತಗ್ಗಿಸುವ ಸಲುವಾಗಿ ಸೌಜನ್ಯ ಶಾಖೆ ಮತ್ತು ಸಂಶಯ ಶಾಖೆಗಳನ್ನು ಒಂದೇ ಮೇಜಿಗೆ ತರಲಾಗಿರುವುದು ಸಿಬ್ಬಂದಿಗೆ ತಿಳಿದೇ ಇದೆ. ಅಂದಿನಿಂದ ಕೆಳಗೆ ಸಹಿ ಮಾಡಿರುವವರು ಸೌಜನ್ಯದ ಉಪನಿರ್ದೇಶಕರಾಗಿ ಬಲಗಡೆ ಟ್ರೇಯ ಕಡತಗಳನ್ನೂ, ಸಂಶಯದ ಪ್ರಭಾರ ಉಪನಿರ್ದೇಶಕರಾಗಿ ಎಡಗಡೆ ಟ್ರೇಯ ಕಡತಗಳನ್ನೂ ವಿಲೇವಾರಿ ಮಾಡುತ್ತಿದ್ದಾರೆ. ಬೆಳಿಗ್ಗೆ ತಾವೇ ಸ್ವಾಗತಿಸಿದವರನ್ನು ಮಧ್ಯಾಹ್ನ ತಾವೇ ಅನುಮಾನಿಸಬೇಕಾಗಿ ಬಂದಿರುವುದರಿಂದ ಅವರ ಕತ್ತು ನೋಯುತ್ತಿದೆ. ಈ ಬಗ್ಗೆ ಯಾರೂ ವಿಚಾರಿಸಿರುವುದಿಲ್ಲ.

ಸದರಿ ಸುತ್ತೋಲೆಗೆ ಕಾರಣವಾದ ಘಟನೆ ಈ ಕೆಳಗಿನಂತಿದೆ. ಗಡಿಯಾಚೆ ಬಟ್ಟೆ ಹೊಲಿದು ಬದುಕುವ ಹಿರಿಯ ಮಹಿಳೆಯೊಬ್ಬರು (ಇನ್ನು ಮುಂದೆ ‘ಹೊಲಿಗೆಯಮ್ಮ’ ಎಂದು ಕರೆಯಲಾಗುವುದು, ಠಾಣೆಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿರುವುದರಿಂದ ಬೇರೆ ದಾರಿಯಿಲ್ಲ) ಗಡಿಯ ಈಚೆ ಸಂಸಾರ ಹೂಡಿರುವ ಮಗಳ ಹೆರಿಗೆಗೆಂದು, ಒಂದೇ ಸಲ ಬರಲು ಅವಕಾಶವಿರುವ ವೀಸಾದ ಮೇಲೆ ಬಂದಿದ್ದರು. ವೀಸಾದ ಅವಧಿ ಮುಗಿಯಿತು, ಮಗು ಬರಲಿಲ್ಲ. ಹುಟ್ಟದ ಮಗುವಿಗೆ ನೋಟಿಸು ಕೊಡಲು ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ಹೊಲಿಗೆಯಮ್ಮನವರೇ ಕಾನೂನಿಗೆ ತಲೆಬಾಗಿ ಹೊರಟರು. ಮೂರನೇ ಕೌಂಟರಿನಲ್ಲಿ ಪಾಸ್‌ಪೋರ್ಟಿಗೆ ಮೊಹರು ಬಿದ್ದ ಮೇಲೆ ಅವರು ವಾಡಿಕೆಯಂತೆ “ಬರ್ತೀನಪ್ಪ” ಎಂದರು. ಪರಿವೀಕ್ಷಕರು ವಾಡಿಕೆಯಂತೆ “ಹೋಗಿ ಬನ್ನಿ ಅಮ್ಮಾ” ಎಂದರು. ಅವರು ಹೋದರು.

ಮುಂದಿನ ವಾರ ಮಗು ಹುಟ್ಟಿತು. ಹೆಣ್ಣು. ಹೊಲಿಗೆಯಮ್ಮನವರು ಹೊಸ ವೀಸಾ ಇಲ್ಲದೆ, ಅಂಗೈಯಗಲದ ಎರಡು ಅಂಗಿಗಳನ್ನು ಚೀಲದಲ್ಲಿಟ್ಟುಕೊಂಡು ಅದೇ ಕೌಂಟರಿನ ಮುಂದೆ ಹಾಜರಾದರು. ಯಾವ ಆಧಾರದ ಮೇಲೆ ಬಂದಿರಿ ಎಂದು ಕೇಳಲಾಗಿ, “ನೀನೇ ಹೇಳಿದ್ಯಲ್ಲಪ್ಪ, ಹೋಗಿ ಬನ್ನಿ ಅಂತ. ಹೋಗಿದ್ದೆ. ಬಂದಿದೀನಿ” ಎಂದು ತಿಳಿಸಿರುತ್ತಾರೆ.

ಇದು ಮುಗ್ಧತೆಯೆಂದು ಸೌಜನ್ಯ ಶಾಖೆಯೂ, ಚಾಲಾಕಿಯೆಂದು ಸಂಶಯ ಶಾಖೆಯೂ ಅಭಿಪ್ರಾಯಪಟ್ಟಿವೆ. ಕೈಬರಹ ಎರಡರಲ್ಲೂ ಒಂದೇ.

ಅವರನ್ನು ಒಳಗೆ ಬಿಡಲು ವೀಸಾ ಇಲ್ಲ. ಆಚೆ ಕಳುಹಿಸಲು ಕಂಪ್ಯೂಟರು ಒಪ್ಪುತ್ತಿಲ್ಲ. ಹೊರಡುವವರ ಕಡೆಯ ಮಾತನ್ನು ಯಥಾವತ್ತಾಗಿ ನಮೂದಿಸಬೇಕೆಂಬ ನಿಯಮದಂತೆ ಪರಿವೀಕ್ಷಕರು ಅಂದು ‘ಬರುತ್ತೇನೆ’ ಎಂದು ನಮೂದಿಸಿದ್ದು, ಕಂಪ್ಯೂಟರು ಆಕೆಯನ್ನು ಬರುತ್ತಿರುವವರ ಸಾಲಿಗೆ ಸೇರಿಸಿದೆ. ಬರುತ್ತಿರುವವರನ್ನು ಕಳುಹಿಸಲು ಬರುವುದಿಲ್ಲ. ಹೀಗಾಗಿ ಹೊಲಿಗೆಯಮ್ಮನವರನ್ನು ಗಡಿ ಕಡೆಯ ಕೆಂಪು ಗೆರೆಗೂ ಊರ ಕಡೆಯ ಹಳದಿ ಗೆರೆಗೂ ನಡುವಿನ ಕೊಠಡಿಯಲ್ಲಿ ಕೂರಿಸಲಾಗಿದೆ. ಅಲ್ಲಿ ನೆಲಕ್ಕೆ ಬಿಗಿದ ಒಂದು ಬೆಂಚು, ಸರಪಳಿ ಕಟ್ಟಿದ ಒಂದು ಲೋಟ ಮತ್ತು ‘ನಿಮ್ಮ ಬರವು ನಮ್ಮ ಭಾಗ್ಯ, ಇಲ್ಲಿಂದ ಮುಂದೆ ಪ್ರವೇಶವಿಲ್ಲ’ ಎಂಬ ಫಲಕ ಇವೆ. ಗಾಜಿನ ಗೋಡೆಯ ಆಚೆ ಪ್ರತಿ ಮಧ್ಯಾಹ್ನ ಮಗಳು ಮಗುವನ್ನೆತ್ತಿಕೊಂಡು ಬಂದು ನಿಲ್ಲುತ್ತಾಳೆ.

ಇಂತಹ ಪ್ರಸಂಗಗಳು ಮರುಕಳಿಸದಂತೆ ಎಲ್ಲ ಕೌಂಟರುಗಳ ಸಿಬ್ಬಂದಿಯು ಈ ಕೆಳಕಂಡ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಸೂಚನೆಗಳು:

೧. ‘ಹೋಗಿ ಬನ್ನಿ’ ಎಂಬ ಮಾತನ್ನು ನಿಷೇಧಿಸಲಾಗಿದೆ. ಇದರ ಬದಲು ‘ಹೋಗಿ’ ಎಂದಷ್ಟೇ ಹೇಳುವ ಪದ್ಧತಿಯನ್ನು ಒಂದು ಬೆಳಿಗ್ಗೆ ಪ್ರಾಯೋಗಿಕವಾಗಿ ಜಾರಿಗೊಳಿಸಲಾಗಿತ್ತು. ನಿವೃತ್ತ ಮೇಷ್ಟ್ರೊಬ್ಬರು “ನಾನೇನಪ್ಪ ತಪ್ಪು ಮಾಡ್ದೆ?” ಎಂದು ಕೇಳಿ ಕೌಂಟರಿನ ಮುಂದೆಯೇ ನಿಂತುಬಿಟ್ಟರು. ಲಾರಿ ಚಾಲಕರೊಬ್ಬರು ‘ಹೋಗಿ’ ಎಂಬುದಕ್ಕೆ ಎಲ್ಲಿಗೆ ಎಂಬುದನ್ನು ತಾವೇ ಸೇರಿಸಿ ಪರಿವೀಕ್ಷಕರಿಗೆ ವಾಪಸು ಹೇಳಿದರು. ಪ್ರಯೋಗವನ್ನು ಊಟದ ವೇಳೆಗೆ ಹಿಂಪಡೆಯಲಾಗಿದೆ.

೨. ಆದ್ದರಿಂದ ವೀಸಾದ ವರ್ಗಕ್ಕೆ ಅನುಗುಣವಾಗಿ ಬೀಳ್ಕೊಡತಕ್ಕದ್ದು:
(ಅ) ಒಂದೇ ಸಲದ ವೀಸಾ: ‘ಹೋಗಿ’ ಎಂದು ಬಾಯಲ್ಲಿ ಹೇಳಿ, ‘ಬನ್ನಿ’ ಎಂಬುದನ್ನು ಮುಖದಲ್ಲಿ ಮಾತ್ರ ತೋರಿಸುವುದು. ತುಟಿ ಅಲುಗಿದರೆ ಅದನ್ನು ಆಹ್ವಾನವೆಂದು ಪರಿಗಣಿಸಲಾಗುವುದು.
(ಆ) ಎರಡು ಸಲದ ವೀಸಾ: ಮೊದಲ ಸಲ ‘ಹೋಗಿ ಬನ್ನಿ’. ಎರಡನೇ ಸಲ ಮೇಲಿನಂತೆ ಮುಖ.
(ಇ) ಹಲವು ಸಲದ ವೀಸಾ: ಅವಕಾಶವಿರುವಷ್ಟು ಸಲ ‘ಹೋಗಿ ಬನ್ನಿ’ ಎಂದು ಎಣಿಸಿ ಹೇಳುವುದು. ದಿನವೂ ಗಡಿ ದಾಟುವ ತರಕಾರಿ ವ್ಯಾಪಾರಿಗೆ ಎರಡನೇ ಕೌಂಟರಿನವರು ಪ್ರಾಯೋಗಿಕವಾಗಿ ಹೀಗೆ ಹೇಳಿ ಮುಗಿಸುವ ಹೊತ್ತಿಗೆ ಸೊಪ್ಪು ಬಾಡಿದ್ದು, ಪರಿಹಾರದ ಅರ್ಜಿ ಎಡಗಡೆ ಟ್ರೇಯಲ್ಲಿದೆ.

೩. ‘ಇಷ್ಟು ಬೇಗ ಹೊರಟ್ರಾ? ಇನ್ನೆರಡು ದಿನ ಇದ್ದು ಹೋಗಬಹುದಿತ್ತು’ ಎಂಬ ಮಾತನ್ನು ಸಹ ನಿಷೇಧಿಸಲಾಗಿದೆ. ಐದನೇ ಕೌಂಟರಿನವರು ಹೀಗೆ ಅಂದಾಗ ಜಮಖಾನ ವ್ಯಾಪಾರಿ ದಂಪತಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಷ್ಟೊಂದು ಬಲವಂತ ಮಾಡಿದ ಮೇಲೆ ಇಲ್ಲವೆನ್ನುವುದು ಚೆನ್ನಾಗಿರುವುದಿಲ್ಲವೆಂದು ಗಂಟುಮೂಟೆ ಸಮೇತ ವಾಪಸಾದರು. ವೀಸಾ ವಿಸ್ತರಿಸುವ ಅಧಿಕಾರ ಐದನೇ ಕೌಂಟರಿಗೆ ಇರುವುದಿಲ್ಲ. ದಂಪತಿಗಳು ಇನ್ನೂ ಸಿಕ್ಕಿಲ್ಲ. ಜಮಖಾನಗಳು ಮಾತ್ರ ಸಂತೆಯಲ್ಲಿ ಕಾಣಿಸಿಕೊಂಡಿವೆ.

೪. ‘ಊಟ ಆಯ್ತಾ?’ ಎಂದು ಪ್ರಯಾಣಿಕರನ್ನು ಕೇಳತಕ್ಕದ್ದಲ್ಲ. ಸಮವಸ್ತ್ರದಲ್ಲಿದ್ದು ಕೇಳಿದ ಯಾವುದೇ ಪ್ರಶ್ನೆಯ ಉತ್ತರವನ್ನು ಪರಿಶೀಲಿಸಿ ದೃಢಪಡಿಸಿಕೊಳ್ಳಬೇಕೆಂಬುದು ಎರಡನೇ ಉಲ್ಲೇಖದ ಆಶಯ. ‘ಆಯ್ತು, ನಿಮ್ಮದು?’ ಎಂದು ಹೇಳಿಕೆ ಕೊಟ್ಟ ಸೈಕಲ್ ಬಿಡಿಭಾಗಗಳ ಮಾರಾಟಗಾರರೊಬ್ಬರು ಸ್ವಲ್ಪ ಹೊತ್ತಿನಲ್ಲೇ ಠಾಣೆಯ ಕ್ಯಾಂಟೀನಿನಲ್ಲಿ ಅನ್ನ ಕಲಸುತ್ತಿರುವಾಗ ಪತ್ತೆಯಾಗಿದ್ದಾರೆ. ಅಧಿಕಾರಿಯ ಮುಂದೆ ಸುಳ್ಳು ಹೇಳಿಕೆ ನೀಡಿದ ಆರೋಪವನ್ನು ಅವರ ಮೇಲೆ ಹೊರಿಸಬೇಕಾಯಿತು. ‘ನಿಮ್ಮದು?’ ಎಂದು ಮರುಪ್ರಶ್ನಿಸಿ ಇಲಾಖೆಯ ಆಂತರಿಕ ಮಾಹಿತಿ ಸಂಗ್ರಹಿಸಲು ಯತ್ನಿಸಿದ್ದು ಪ್ರತ್ಯೇಕ ಪ್ರಕರಣ.

೫. ಪ್ರಯಾಣಿಕರನ್ನು ಅಣ್ಣ, ಅಕ್ಕ, ಅಮ್ಮ, ತಾತ ಎಂದು ಕರೆಯುವ ಬಗ್ಗೆ. ಸ್ವಂತ ಬಂಧುಗಳ ಕಾಗದಪತ್ರಗಳಿಗೆ ಮೊಹರು ಹಾಕುವಂತಿಲ್ಲವೆಂಬುದು ಹಳೆಯ ನಿಯಮ. ಇದನ್ನು ಕಟ್ಟುನಿಟ್ಟಾಗಿ ಪಾಲಿಸಿದ ದಿನ, ಕಚೇರಿ ತೆರೆದ ಸ್ವಲ್ಪ ಹೊತ್ತಿಗೆಲ್ಲ ಪ್ರತಿಯೊಂದು ಕೌಂಟರೂ ಪ್ರತಿಯೊಬ್ಬ ಪ್ರಯಾಣಿಕರಿಗೂ ನೆಂಟಸ್ತಿಕೆಯಲ್ಲಿ ಸಿಲುಕಿ, ಮೊಹರು ಹಾಕಲು ಹೊರಗಿನವರೊಬ್ಬರೂ ಉಳಿಯಲಿಲ್ಲ. ಇನ್ನು ಮುಂದೆ ಮೊಹರಿಗೆ ಅಡ್ಡಿ ಬಾರದಷ್ಟು ದೂರದ ಸಂಬಂಧವನ್ನು ಮಾತ್ರ ಬಳಸುವುದು. ಮಾದರಿ: ‘ನಮ್ಮತ್ತೆಯ ನಾದಿನಿಯ ಬೀಗರೇ, ಪಾಸ್‌ಪೋರ್ಟ್ ಕೊಡಿ.’
ಪ್ರಸ್ತುತ ಪ್ರಕರಣದಲ್ಲಿ ಹೊಲಿಗೆಯಮ್ಮನವರು ಪರಿವೀಕ್ಷಕರನ್ನು ‘ಅಪ್ಪ’ ಎಂದೂ, ಪರಿವೀಕ್ಷಕರು ಅವರನ್ನು ‘ಅಮ್ಮ’ ಎಂದೂ ಕರೆದಿದ್ದು, ಯಾರು ಯಾರಿಗೆ ಹುಟ್ಟಿದವರೆಂಬುದು ಕಡತದಿಂದ ತಿಳಿದುಬರುತ್ತಿಲ್ಲ.

೬. ಬಂದವರನ್ನು ‘ಯಾಕೆ ಬಂದಿರಿ?’ ಎಂದು ಕೇಳುವುದು ಅವಿನಯ, ಕೇಳದಿರುವುದು ಕರ್ತವ್ಯಲೋಪ. ಹಾಗೆಯೇ ‘ಯಾವಾಗ ಹೋಗುತ್ತೀರಿ?’ ಎಂಬ ಪ್ರಶ್ನೆಯನ್ನು ಮರ್ಯಾದಸ್ಥರು ಯಾರೂ ಮನೆಗೆ ಬಂದವರಿಗೆ ಕೇಳುವುದಿಲ್ಲ. ಇಲಾಖೆಯು ಅದನ್ನು ಕೇಳಲೆಂದೇ ಇಬ್ಬಿಬ್ಬರನ್ನು ಕೂರಿಸಿದೆ. ಎರಡನ್ನೂ ಹೊಂದಿಸಿ ಈ ಕೆಳಗಿನ ನಮೂನೆಯನ್ನು ಅಂಗೀಕರಿಸಲಾಗಿದೆ: ‘ನೀವು ಬಂದದ್ದು ಬಹಳ ಸಂತೋಷ. ಸಂತೋಷಕ್ಕೆ ಕಾರಣ ತಿಳಿಸಿ. ಸಂತೋಷ ಯಾವ ದಿನಾಂಕದವರೆಗೆ ಮುಂದುವರಿಯುತ್ತದೆ ಎಂಬುದನ್ನೂ ತಿಳಿಸಿ. ಸಂತೋಷದಲ್ಲಿ ದ್ರವ ಪದಾರ್ಥಗಳೇನಾದರೂ ಇವೆಯೇ?’

೭. (ಈ ಅಂಶವನ್ನು ಕೈಬಿಡಲಾಗಿದೆ. ‘ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ’ ಎಂಬ ಮಾತಿನ ಪರಿಣಾಮಗಳ ಕುರಿತದ್ದಾಗಿತ್ತು. ಹಾಗೆ ತಿಳಿದುಕೊಂಡವರು ಇನ್ನೂ ವಿಶ್ರಾಂತಿ ಕೊಠಡಿಯಲ್ಲಿ ಮಲಗಿರುವುದರಿಂದ, ಅವರು ಎದ್ದ ಮೇಲೆ ಪರಿಶೀಲಿಸಲಾಗುವುದು.)

೮. ಮೇಲಿನದನ್ನೆಲ್ಲ ಓದಿ ಸಂಶಯ ಶಾಖೆಯೇ ಅನವಶ್ಯಕವೆಂದು ಸಿಬ್ಬಂದಿಯು ಭಾವಿಸತಕ್ಕದ್ದಲ್ಲ. ಹಿಂದೊಮ್ಮೆ ಬಿಳಿಗಡ್ಡದ ವ್ಯಕ್ತಿಯೊಬ್ಬರಿಗೆ ‘ಕೂತ್ಕೊಳ್ಳಿ ತಾತ’ ಎಂದು ಕುರ್ಚಿ ಕೊಡಲಾಗಿತ್ತು. ಬಸ್ಸಿನಿಂದ ಇಳಿದ ಅಜ್ಜಿಯೊಬ್ಬರಿಗೆ ಕುರ್ಚಿ ಬಿಟ್ಟುಕೊಡಲು ಈ ತಾತ ಚಂಗನೆ ಜಿಗಿದೆದ್ದಾಗ ಗಡ್ಡ ಕುರ್ಚಿಯಲ್ಲೇ ಉಳಿಯಿತು. ಪಾಸ್‌ಪೋರ್ಟ್ ಬೇರೆಯವರದಾಗಿತ್ತು. ಸೌಜನ್ಯದಿಂದ ಒಬ್ಬ ವಂಚಕ ಸಿಕ್ಕಿಬಿದ್ದ ಈ ಏಕೈಕ ಪ್ರಕರಣದ ಕೀರ್ತಿ ಯಾವ ಶಾಖೆಗೆ ಸಲ್ಲಬೇಕೆಂಬ ಬಗ್ಗೆ ನಾಲ್ಕನೇ ಉಲ್ಲೇಖದ ಪತ್ರವ್ಯವಹಾರ ನಡೆಯುತ್ತಿದೆ.

೯. ನಡುವಿನ ಕೊಠಡಿಗೆ ಸಂಬಂಧಿಸಿದಂತೆ:
(ಅ) ಗಾಜಿನಾಚೆಯಿಂದ ಮಗುವನ್ನು ತೋರಿಸುವುದಕ್ಕೆ ಅಭ್ಯಂತರವಿಲ್ಲ. ಆದರೆ ಹೊಲಿಗೆಯಮ್ಮನವರು ಗಾಜಿಗೆ ಅಂಗೈ ಒತ್ತಿದಾಗ ಮಗಳು ಆಚೆಯಿಂದ ಮಗುವಿನ ಪಾದವನ್ನು ಅದೇ ಜಾಗಕ್ಕೆ ಒತ್ತುತ್ತಿದ್ದು, ಇದು ಭಾಗಶಃ ಪ್ರವೇಶವೇ ಎಂದು ಸಂಶಯ ಶಾಖೆ ಕೇಳಿದೆ. ಗಾಜಿನ ಅರ್ಧ ದಪ್ಪದವರೆಗೆ ಆಚೆಯವರದು, ಉಳಿದರ್ಧ ಈಚೆಯವರದು ಎಂದು ಸೌಜನ್ಯ ಶಾಖೆ ಉತ್ತರಿಸಿದೆ. ಗಾಜು ಒರೆಸುವವರು ಆ ಗುರುತುಗಳನ್ನು ಒರೆಸುತ್ತಿಲ್ಲ. ಕಾರಣ ಕೇಳಿಲ್ಲ.
(ಆ) ಠಾಣೆಯ ಸಿಬ್ಬಂದಿಯ ಸಮವಸ್ತ್ರಗಳಲ್ಲಿ ಇತ್ತೀಚೆಗೆ ಗುಂಡಿಗಳು ವಿಪರೀತ ಉದುರುತ್ತಿರುವುದು ಗಮನಕ್ಕೆ ಬಂದಿದೆ. ಹೊಲಿಗೆಯಮ್ಮನವರು ಬೇಸರ ಕಳೆಯಲು ಗುಂಡಿ ಹಾಕಿಕೊಡುತ್ತಿದ್ದು, ಅವರೊಂದಿಗೆ ನಾಲ್ಕು ಮಾತಾಡುವ ಸಲುವಾಗಿ ಸಿಬ್ಬಂದಿಯು ತಮ್ಮ ಗುಂಡಿಗಳನ್ನು ತಾವೇ ಕಿತ್ತುಕೊಳ್ಳುತ್ತಿದ್ದಾರೆ. ಸರ್ಕಾರಿ ಗುಂಡಿ ಸರ್ಕಾರಿ ಆಸ್ತಿ. ಉಪನಿರ್ದೇಶಕರ ಕೋಟಿನ ಮೇಲಿನ ಗುಂಡಿ ತಾನಾಗಿಯೇ ಬಿದ್ದದ್ದು.

೧೦. ಕಡತ ಮುಕ್ತಾಯಕ್ಕೆ ಮಾಡಲಾದ ಯತ್ನಗಳು. ಹೊಲಿಗೆಯಮ್ಮನವರು ‘ಬರುತ್ತೇನೆ’ ಎಂಬ ಹಿಂದಿನ ಹೇಳಿಕೆಯನ್ನು ರದ್ದುಪಡಿಸಿ ‘ಹೋಗುತ್ತೇನೆ’ ಎಂದು ಒಂದೇ ಒಂದು ಸಲ ಹೇಳಿದಲ್ಲಿ, ಕಂಪ್ಯೂಟರು ಅವರನ್ನು ಹೋದವರ ಸಾಲಿಗೆ ಸೇರಿಸುತ್ತದೆ. ಅವರು ಆಚೆ ಹೋಗಿ, ಹೊಸ ವೀಸಾಕ್ಕೆ ಅರ್ಜಿ ಹಾಕಿ, ಮಗು ನಡೆಯಲು ಕಲಿಯುವುದರೊಳಗೆ ಬರಬಹುದು. ಇದನ್ನು ಅವರಿಗೆ ತಿಳಿಯಹೇಳಲಾಯಿತು. ಅವರು ಸೂಜಿಯನ್ನು ಪಕ್ಕಕ್ಕಿಟ್ಟು ಕೊಟ್ಟ ಹೇಳಿಕೆ ಹೀಗಿದೆ: “ಹಸುಗೂಸಿನ ಮುಂದೆ ನಿಂತು ಹೋಗ್ತೀನಿ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲಪ್ಪ. ಬರ್ತೀನಿ ಅನ್ನದೆ ಹೋಗೋದು ಒಂದೇ ಸಲ. ಅದಕ್ಕೆ ಇನ್ನೂ ಟೈಮಿದೆ.”
ಗಾಜಿನಾಚೆಯ ಮಾತು ಈಚೆ ಕೇಳಿಸುವುದಿಲ್ಲವಾದರೂ, ತುಟಿಯ ಚಲನೆಯಿಂದ ಮಗಳು “ಅಮ್ಮಾ, ಸುಮ್ನೆ ಹೋಗ್ತೀನಿ ಅಂದ್ಬಿಡು, ಏನಾಗಲ್ಲ” ಎಂದು ಬೇಡಿಕೊಂಡಳೆಂದೂ, ತಾಯಿ ಆಗದೆಂದು ತಲೆಯಾಡಿಸಿದರೆಂದೂ, ಆಮೇಲೆ ಮಗಳು ಆ ಕಡೆ ತಿರುಗಿ ನಿಂತಳೆಂದೂ ಪಹರೆಯವರು ವರದಿ ಮಾಡಿದ್ದಾರೆ. ಪಹರೆಯವರ ಗುಂಡಿಯೂ ಅದೇ ಹೊತ್ತಿಗೆ ಬಿದ್ದಿದೆ.
ಮೂರನೇ ಕೌಂಟರಿನ ಪರಿವೀಕ್ಷಕರ ಲಿಖಿತ ವಿವರಣೆಯನ್ನೂ ಓದಲಾಯಿತು. ಅದರಲ್ಲಿ ಒಂದೇ ವಾಕ್ಯವಿದೆ: “ಸಾರ್, ಅಷ್ಟು ವಯಸ್ಸಾದವರು ಬರ್ತೀನಿ ಅಂದಾಗ ಬೇಡ ಅನ್ನೋಕೆ ನಮಗೆ ಯಾವ ತರಬೇತೀಲೂ ಹೇಳಿಕೊಟ್ಟಿಲ್ಲ.” ತರಬೇತಿ ಪಠ್ಯವನ್ನು ತರಿಸಿ ನೋಡಲಾಗಿ, ಹೇಳಿಕೊಟ್ಟಿಲ್ಲ ಎಂಬುದು ನಿಜ.
ತದನಂತರ ಹಳೆಯ ದಾಖಲೆಗಳನ್ನು ಪರಿಶೀಲಿಸಲಾಯಿತು. ಠಾಣೆ ಆರಂಭವಾದಂದಿನಿಂದ ಈವರೆಗೆ ಇಲ್ಲಿಂದ ಹೊರಟವರಲ್ಲಿ ಒಬ್ಬರೂ ‘ಹೋಗುತ್ತೇನೆ’ ಎಂದು ಹೇಳಿರುವುದಿಲ್ಲ. ನಾಡಿನಿಂದ ಹೊರಹಾಕಲ್ಪಟ್ಟವರೂ ‘ಬರ್ತೀನಿ ಸಾರ್’ ಎಂದೇ ಹೊರಟಿದ್ದಾರೆ. ಕಂಪ್ಯೂಟರಿನ ಪ್ರಕಾರ ಈ ನಾಡಿನಿಂದ ಯಾರೂ ಎಂದೂ ಹೋಗಿಯೇ ಇಲ್ಲ. ಎಲ್ಲರೂ ಬರುತ್ತಲೇ ಇದ್ದಾರೆ. ಈ ಅಂಕಿಅಂಶವನ್ನು ಮೇಲಿನವರಿಗೆ ಕಳುಹಿಸುವ ಧೈರ್ಯ ಎರಡೂ ಶಾಖೆಗಳಿಗೆ ಇಲ್ಲ.

೧೧. ಇತ್ಯರ್ಥ. ನಿನ್ನೆ ಮಧ್ಯಾಹ್ನ ಕೆಳಗೆ ಸಹಿ ಮಾಡಿರುವವರು ಕೋಟಿನ ಗುಂಡಿಯ ನಿಮಿತ್ತ ನಡುವಿನ ಕೊಠಡಿಗೆ ಭೇಟಿ ನೀಡಿದ್ದರು. ಹೊಲಿಗೆಯಮ್ಮನವರು ಹಲ್ಲಿನಲ್ಲಿ ದಾರ ಕತ್ತರಿಸುತ್ತಾ, ಚೀಲದಲ್ಲಿರುವ ಎರಡು ಅಂಗಿಗಳಲ್ಲಿ ಒಂದು ಆಗಲೇ ಮಗುವಿಗೆ ಚಿಕ್ಕದಾಗಿದೆ, ಗಾಜಿನಾಚೆ ನೋಡಿದರೇ ಗೊತ್ತಾಗುತ್ತದೆ ಎಂದು ತಿಳಿಸಿದರು. ದೂರಿನ ರೂಪದಲ್ಲಿ ತಿಳಿಸಲಿಲ್ಲ. ಇನ್ನೊಂದೂ ಚಿಕ್ಕದಾಗುವುದರೊಳಗೆ ಈ ಕಡತ ಮುಗಿಯತಕ್ಕದ್ದೆಂದು ಆಗ ನಿಶ್ಚಯಿಸಲಾಯಿತು. ನಿಯಮದ ವ್ಯಾಖ್ಯಾನ ಈ ಕೆಳಗಿನಂತಿದೆ.
‘ಹೋಗಿ ಬನ್ನಿ’ ಎಂಬುದು ಕರ್ತವ್ಯದಲ್ಲಿದ್ದ ಸಮವಸ್ತ್ರಧಾರಿ ಅಧಿಕಾರಿ ಕೊಟ್ಟ ಎರಡು ಆದೇಶಗಳು. ಮೊದಲನೆಯದಾದ ‘ಹೋಗಿ’ ಎಂಬುದನ್ನು ಹೊಲಿಗೆಯಮ್ಮನವರು ಪಾಲಿಸಿದ್ದಾರೆ. ನಿರ್ಗಮನದ ಮೊಹರೇ ಸಾಕ್ಷಿ. ಎರಡನೆಯದಾದ ‘ಬನ್ನಿ’ ಎಂಬುದನ್ನು ಪಾಲಿಸಲು ಅವರು ಸ್ವಂತ ಖರ್ಚಿನಲ್ಲಿ ಬಂದಿದ್ದು, ಇಲಾಖೆಯೇ ಅಡ್ಡ ನಿಂತಿದೆ. ಅಧಿಕಾರಿಯ ಆದೇಶ ಪಾಲಿಸುವವರಿಗೆ ಅಡ್ಡಿಪಡಿಸುವುದು ಶಿಕ್ಷಾರ್ಹ. ಆದ್ದರಿಂದ ಸದರಿಯವರನ್ನು, ಬಾಕಿ ಉಳಿದ ಅರ್ಧ ಆದೇಶದ ಪಾಲನೆಗಾಗಿ, ಮಾಮೂಲಿನಂತೆ ಚೀಲ ತಪಾಸಣೆ ಮಾಡಿ, ಅಂಗಿಗಳನ್ನು ಮುದುರದಂತೆ ಮಡಿಸಿ ವಾಪಸು ಕೊಟ್ಟು, ಹಳದಿ ಗೆರೆಯಾಚೆ ಬಿಡತಕ್ಕದ್ದೆಂದು ಆದೇಶಿಸಲಾಗಿದೆ. ಇದಕ್ಕೆ ಸೌಜನ್ಯ ಶಾಖೆಯ ಸಹಮತವಿದೆ. ಸಂಶಯ ಶಾಖೆಯು ಸಂಜೆಯವರೆಗೂ ಸಂಶಯಪಟ್ಟು ನೋಡಿತು, ಆಗಲಿಲ್ಲ. ಸಹಿ ಹಾಕುವಾಗ ಎರಡೂ ಶಾಖೆಗಳಿಗೆ ಸಂತೋಷವಾಯಿತೆಂಬುದನ್ನು ದಾಖಲಿಸಲಾಗಿದೆ.

೧೨. ಈ ಸುತ್ತೋಲೆಯ ನಿಷೇಧಗಳು ಹೊಲಿಗೆಯಮ್ಮನವರು ಗೆರೆ ದಾಟಿದ ಮೇಲೆ ಜಾರಿಗೆ ಬರತಕ್ಕದ್ದು. ಆ ವೇಳೆ ಅವರು ‘ಬರ್ತೀನಪ್ಪ’ ಎಂದಲ್ಲಿ ಸಿಬ್ಬಂದಿಯು ಕಂಪ್ಯೂಟರಿನ ಕಡೆ ಬೆನ್ನು ಮಾಡಿ ನಿಲ್ಲುವುದು. ಮುಂದೊಂದು ದಿನ ಅವರು ಮೊಮ್ಮಗಳನ್ನು ಬಿಟ್ಟು ವಾಪಸು ಹೊರಡುವಾಗ ಮೂರನೇ ಕೌಂಟರಿನವರು ಏನು ಹೇಳಬೇಕೆಂಬ ಬಗ್ಗೆ ಇಲಾಖೆಯಲ್ಲಿ ಎರಡು ಅಭಿಪ್ರಾಯಗಳಿವೆ. ಕೌಂಟರಿನವರು ತಮಗೆ ಬಾಯಿಗೆ ಬಂದದ್ದನ್ನು ಹೇಳಬಹುದು.

ಮೇಲ್ಕಂಡ ಸೂಚನೆಗಳನ್ನು ಉಲ್ಲಂಘಿಸಿದವರ ಮೇಲೆ ಸೌಜನ್ಯಪೂರ್ವಕವಾಗಿ ಕಠಿಣ ಕ್ರಮ ಕೈಗೊಳ್ಳಲಾಗುವುದು.

ಸಹಿ/-
ಉಪನಿರ್ದೇಶಕರು (ಸೌಜನ್ಯ)

ಸಹಿ/-
ಪ್ರಭಾರ ಉಪನಿರ್ದೇಶಕರು (ಸಂಶಯ)
(ಮೇಲಿನ ಸಹಿಯನ್ನು ತಾಳೆ ನೋಡಲಾಗಿದೆ; ಹೋಲುತ್ತದೆ.)

ಪ್ರತಿಗಳು:
೧. ಎಲ್ಲ ಕೌಂಟರುಗಳಿಗೆ, ಪಾಲನೆಗಾಗಿ.
೨. ಮೂರನೇ ಕೌಂಟರಿಗೆ, ಪ್ರತ್ಯೇಕವಾಗಿ. ಕಾರಣ ಕೇಳಿದ ನೋಟಿಸನ್ನು ಹಿಂಪಡೆಯಲಾಗಿದೆ.
೩. ಪ್ರಭಾರ ಉಪನಿರ್ದೇಶಕರು (ಸಂಶಯ) ಇವರಿಗೆ, ಅದೇ ಮೇಜು, ಎಡಗಡೆ ಟ್ರೇ.
೪. ಜಮಖಾನ ವ್ಯಾಪಾರಿ ದಂಪತಿಗಳಿಗೆ, ಸಿಕ್ಕಿದಲ್ಲಿ.
೫. ವಿಶ್ರಾಂತಿ ಕೊಠಡಿಯಲ್ಲಿ ಮಲಗಿರುವವರಿಗೆ, ದಿಂಬಿನ ಪಕ್ಕ.
೬. ಗಾಜು ಒರೆಸುವವರಿಗೆ. ಇನ್ನು ಒರೆಸಬಹುದು.
೭. ಮಗುವಿಗೆ, ಓದಲು ಬಂದ ಮೇಲೆ.
೮. ಕಚೇರಿ ಪ್ರತಿ (ಈ ಷರಾ ನಂತರ ಸೇರಿಸಿದ್ದು): ಕಡತದಲ್ಲಿ ಇರುವುದಿಲ್ಲ. ಸೂಜಿಗಳನ್ನು ಚುಚ್ಚಿಟ್ಟುಕೊಳ್ಳಲು ಹೊಲಿಗೆಯಮ್ಮನವರು ಗೆರೆ ದಾಟುವಾಗ ಮೇಜಿನ ಮೇಲಿಂದ ತೆಗೆದುಕೊಂಡಿದ್ದು, ಬರುವಾಗ ತಂದುಕೊಡುವುದಾಗಿ ಹೇಳಿದ್ದಾರೆ. ಹೇಳಿಕೆಯನ್ನು ದಾಖಲಿಸಿಕೊಂಡಿಲ್ಲ.